ಗೇರ್ ಆಯಿಲ್‌ಗೆ ನೀರು ಸೇರಿದೆಯೇ? ನೀವೇ ನೋಡಿ

ಕೆಸರುಗದ್ದೆ ಉತ್ತು ಬಂದ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸವೆದ ಆಯಿಲ್ ಸೀಲ್‌ನಿಂದಲೋ ಬ್ರೀದರ್‌ನಿಂದಲೋ (ಗೇರ್‌ಬಾಕ್ಸಿನ ಗಾಳಿಯಾಡುವ ಕಿಂಡಿ) ನೀರು ಒಳಹೊಕ್ಕಿದೆ. ಬೆರಳಲ್ಲಿ ಉಜ್ಜಿದರೆ ತೆಳ್ಳಗೇನೂ ಆಗಿರುವುದಿಲ್ಲ, ಮೊದಲಿಗಿಂತ ಮಂದವಾಗಿಯೇ ಇರುತ್ತದೆ. ‘ಇನ್ನೂ ಗಟ್ಟಿಯಾಗಿದೆಯಲ್ಲ, ಈ ಬೆಳೆ ಮುಗಿಯಲಿ’ ಎಂದು ಹಲವರು ಮೋಸಹೋಗುವುದು ಇಲ್ಲೇ.

ದ್ರವ ಎಷ್ಟು ಮಂದ ಎಂಬುದೇ ಸ್ನಿಗ್ಧತೆ; ಅದರ ಅಳತೆ ಸೆಂಟಿಸ್ಟೋಕ್. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ 1 ಸೆಂಟಿಸ್ಟೋಕ್‌ಗಿಂತಲೂ ಕಡಿಮೆ. 68ನೇ ಗ್ರೇಡಿನ ಆಯಿಲ್‌ನದು ಸುಮಾರು 68. ಅಷ್ಟು ತೆಳುವಾದ ನೀರು ಸೇರಿಯೂ ಆಯಿಲ್ ಮಂದವಾಗುವುದೇಕೆ? ಗೇರುಗಳು ಕಡೆದಂತೆಲ್ಲ ನೀರು ಕಣ್ಣಿಗೆ ಕಾಣದ ಹನಿಗಳಾಗಿ ಒಡೆದು ಹರಿವಿಗೆ ಅಡ್ಡ ನಿಲ್ಲುತ್ತದೆ. ನೂರಕ್ಕೆ ಹತ್ತು ಪಾಲು ನೀರು ಹೀಗೆ ಕಲೆತರೆ ಸ್ನಿಗ್ಧತೆ ಕಾಲುಭಾಗಕ್ಕಿಂತ ಹೆಚ್ಚೇ ಏರಬಹುದು. ಆದರೆ ಈ ಮಂದಕ್ಕೆ ಭಾರ ಹೊರುವ ತಾಕತ್ತಿಲ್ಲ. ಹಲ್ಲುಗಳ ನಡುವಿನ ಒತ್ತಡಕ್ಕೆ ಸಿಕ್ಕ ಶುದ್ಧ ಆಯಿಲ್ ಕ್ಷಣಮಾತ್ರ ವಿಪರೀತ ಗಟ್ಟಿಯಾಗಿ ಲೋಹಗಳನ್ನು ದೂರ ಇಡುತ್ತದೆ; ನೀರಿಗೆ ಆ ಗುಣವಿಲ್ಲ. ಹನಿ ಸಿಕ್ಕಿದ ಜಾಗದಲ್ಲಿ ಪದರ ಹರಿದು ಉಕ್ಕಿಗೆ ಉಕ್ಕು ತಾಗುತ್ತದೆ. ತುಕ್ಕು ಬೇರೆ.

ಮೊದಲು ಗಾಡಿಯನ್ನು ಸಮತಟ್ಟಾದ ಕಡೆ ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡದೆ, ಕೆಳಗೆ ಪಾತ್ರೆಯಿಟ್ಟು ಡ್ರೈನ್ ನಟ್ ಸ್ವಲ್ಪವೇ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರವಾದ್ದರಿಂದ ಬೇರ್ಪಟ್ಟು ತಳ ಸೇರಿದ್ದರೆ ಅದೇ ಮೊದಲು ಬರುತ್ತದೆ. ಬರಲಿಲ್ಲವೆಂದು ನಿರಾಳರಾಗಬೇಡಿ, ಕಲೆತ ನೀರು ಇಳಿಯದೆಯೂ ಇರಬಹುದು.

ಆಗ ಚಿಟಪಟ ಪರೀಕ್ಷೆ ಮಾಡಿ. ಡಿಪ್‌ಸ್ಟಿಕ್‌ನಿಂದ ಆಯಿಲ್ ತೆಗೆದುಕೊಂಡು, ಸುಮಾರು 130 ಡಿಗ್ರಿಗೆ ಕಾಯಿಸಿದ ಹಾಟ್‌ಪ್ಲೇಟ್ ಮೇಲೆ ಒಂದೇ ಒಂದು ಹನಿ ಬಿಡಿ. ಕನ್ನಡಕ ಇರಲಿ, ಕೈ ಮುಖ ದೂರವಿರಲಿ, ಕೆಲಸ ಬಯಲಲ್ಲೇ ನಡೆಯಲಿ. ಗುಳ್ಳೆಯೆದ್ದು ಚಿಟಪಟ ಸಿಡಿದರೆ ನೀರಿದೆ. ನೂರಕ್ಕೆ 0.1 ಪಾಲಿನಷ್ಟು ಇದ್ದರೂ ಸಾಮಾನ್ಯವಾಗಿ ಗೊತ್ತಾಗುತ್ತದೆ. ಕರಗಿಹೋದ ಅಲ್ಪ ನೀರಿಗೆ ಮಾತ್ರ ಲ್ಯಾಬ್‌ನ ಕಾರ್ಲ್ ಫಿಷರ್ ಪರೀಕ್ಷೆಯೇ ಬೇಕು.

ನೀರು ಸಿಕ್ಕಿದರೆ ಆಯಿಲ್ ಪೂರ್ತಿ ಇಳಿಸಿ. ಕಾಯಿಸಿ ನೀರು ಹಾರಿಸಿ ಮತ್ತೆ ತುಂಬುವವರಿದ್ದಾರೆ; ಬೆಂಕಿಯ ಅಪಾಯವಂತೂ ಸರಿಯೇ, ಆಯಿಲ್‌ಗೆ ಬೆರೆಸಿದ್ದು ನೀರಿನಿಂದ ಕೆಟ್ಟುಹೋದ ರಾಸಾಯನಿಕಗಳೂ ಮೊದಲಿನಂತಾಗುವುದಿಲ್ಲ. ಸೀಲ್ ಬದಲಿಸಿ, ಬ್ರೀದರ್ ತೊಳೆದು, ಕಂಪನಿ ಹೇಳಿದ ದರ್ಜೆಯ ಆಯಿಲ್ ಹಾಕಿ. ಹಳೆಯದನ್ನು ಕಾಲುವೆಗೆ ಸುರಿಯದೆ ಗುಜರಿ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಒಂದೆರಡು ದಿನ ಉತ್ತ ಬಳಿಕ ಮತ್ತೊಮ್ಮೆ ಡಿಪ್‌ಸ್ಟಿಕ್ ನೋಡಿ. ಒಳಗೆ ಅಂಟಿಕೊಂಡಿದ್ದ ನೀರಿನಿಂದ ಹೊಸ ಆಯಿಲ್ ಕೂಡ ಬೆಳ್ಳಗಾಗಿದ್ದರೆ ಇನ್ನೊಮ್ಮೆ ಬದಲಿಸಬೇಕಾದೀತು.