ಮೊದಲು ಎದೆಯೋ, ಹೊಟ್ಟೆಯೋ?

ಉಸಿರನ್ನು ಪೂರ್ತಿ ಹೊರಬಿಟ್ಟಾಗ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ, ಮೊಲೆತೊಟ್ಟಿನ ಮಟ್ಟದವರೆಗೂ ಏರುತ್ತದೆ. ಅದಕ್ಕಿಂತ ಕೆಳಗೆ ಎದೆಗೆ ಇರಿತವಾಗಿದ್ದರೆ ಹೊಟ್ಟೆಗೂ ಪೆಟ್ಟು ಬಿದ್ದಿದೆ ಎಂದೇ ನಾನು ಕೆಲಸ ಆರಂಭಿಸುತ್ತೇನೆ. ಆಗ ಎದುರಾಗುವ ಕಠಿಣ ಪ್ರಶ್ನೆ, ಯಾವುದನ್ನು ಮೊದಲು ತೆರೆಯಬೇಕು ಎಂಬುದು.

ಎಡಪಕ್ಕೆಗೆ ಚಾಕು ನಾಟಿದ್ದ ಯುವಕನೊಬ್ಬನ ವಿಷಯದಲ್ಲಿ ಈ ಪ್ರಶ್ನೆ ನನ್ನನ್ನು ಚೆನ್ನಾಗಿಯೇ ಪರೀಕ್ಷಿಸಿತು. ಕರೆತಂದವರು ಚಾಕುವನ್ನು ಕೀಳದೆ, ಅಲುಗಾಡದಂತೆ ಸುತ್ತಲೂ ಬಟ್ಟೆ ಒತ್ತಿ ತಂದಿದ್ದರು. ಅವರ ಆ ವಿವೇಕ ದೊಡ್ಡದು; ನಾಟಿದ ಅಲಗೇ ಎಷ್ಟೋ ಬಾರಿ ತುಂಡಾದ ರಕ್ತನಾಳವನ್ನು ಅದುಮಿ ಹಿಡಿದಿರುತ್ತದೆ. ಎಡಗಡೆ ಉಸಿರಿನ ಸದ್ದು ಕ್ಷೀಣವಾಗಿತ್ತು, ರಕ್ತದೊತ್ತಡದ ಮೇಲಿನ ಅಂಕಿ 80ರ ಆಸುಪಾಸಿನಲ್ಲಿತ್ತು. ಐದನೆಯ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಎದೆಗೆ ಕೊಳವೆ ಹಾಕಿದೆ. ಸುಮಾರು ಅರ್ಧ ಲೀಟರ್ ರಕ್ತ ಬಂದು ಹರಿವು ನಿಧಾನವಾಯಿತು. ಒಮ್ಮೆಗೇ 1,500 ಮಿಲಿಲೀಟರ್ ಬಂದಿದ್ದರೆ, ಅಥವಾ ಗಂಟೆಗೆ 200ರಂತೆ ಎರಡರಿಂದ ನಾಲ್ಕು ಗಂಟೆ ಸುರಿಯುತ್ತಲೇ ಇದ್ದಿದ್ದರೆ, ಎದೆಯನ್ನೇ ತೆರೆಯುತ್ತಿದ್ದೆ.

ಆದರೆ ಕೊಳವೆಯನ್ನು ಪೂರ್ತಿ ನಂಬುವಂತಿಲ್ಲ. ವಪೆಯ ತೂತಿನ ಮೂಲಕ ಹೊಟ್ಟೆಯ ರಕ್ತವೂ ಎದೆಗೆ ಸೇರಿ ಅದರಲ್ಲೇ ಹೊರಬರುತ್ತದೆ. ಕೊಳವೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಸ್ರಾವ ನಿಂತಂತೆ ತೋರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಹೃದಯದ ಸುತ್ತ ರಕ್ತವಿರಲಿಲ್ಲ, ಹೊಟ್ಟೆಯ ಎಡ ಮೇಲ್ಭಾಗದಲ್ಲಿರುವ ಗುಲ್ಮದ (ಸ್ಪ್ಲೀನ್) ಸುತ್ತ ಇತ್ತು. ಎಕ್ಸ್‌ರೇಯಲ್ಲಿ ಎದೆಯೊಳಗಿನ ರಕ್ತ ಖಾಲಿಯಾಗಿದ್ದರೂ ರಕ್ತದೊತ್ತಡ ಕುಸಿಯುತ್ತಲೇ ಇತ್ತು. ಹೊಟ್ಟೆಯೇ ಮೊದಲು ಎಂದು ತೀರ್ಮಾನಿಸಿದೆ. ಆದರೂ ಗದ್ದದಿಂದ ತೊಡೆಯ ಮಧ್ಯದವರೆಗೆ ಔಷಧಿ ಬಳಿದು, ಎದೆಯನ್ನೂ ತಕ್ಷಣ ತೆರೆಯಲು ಸಿದ್ಧವಾಗಿಟ್ಟೆವು. ಸಲೈನ್ ಸುರಿಯಲಿಲ್ಲ, ರಕ್ತ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು ಸಮಪ್ರಮಾಣದಲ್ಲಿ ಕೊಟ್ಟೆವು. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನೂ ಕೊಟ್ಟಿದ್ದೆವು. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರಷ್ಟೇ ಅದರಿಂದ ಪ್ರಯೋಜನ.

ಹೊಟ್ಟೆ ತೆರೆದು, ಅಲಗು ಕಣ್ಣಿಗೆ ಕಾಣುವಂತಾದ ಮೇಲೆಯೇ ಅದನ್ನು ಹೊರತೆಗೆಸಿದೆ. ಸೀಳಿಹೋಗಿದ್ದ ಗುಲ್ಮವನ್ನು ತೆಗೆಯಬೇಕಾಯಿತು. ಜಠರದ ಮುಂದೆ ಒಂದು ತೂತಿತ್ತು. ಮುಂದೆ ತೂತು ಕಂಡರೆ ಹಿಂಗೋಡೆಯನ್ನು ನೋಡಲೇಬೇಕು; ಅಲ್ಲಿ ಇನ್ನೊಂದಿತ್ತು. ಎರಡನ್ನೂ ಹೊಲಿದೆ. ಜಠರದ ದ್ರವ ಎದೆಗೂ ನುಗ್ಗಿದ್ದರಿಂದ ವಪೆಯ ಸೀಳಿನ ಮೂಲಕವೇ ಎದೆಗೂಡನ್ನು ತೊಳೆದು, ಕರಗದ ದಾರದಿಂದ ಸೀಳನ್ನು ಮುಚ್ಚಿದೆ. ಚಿಕ್ಕದೆಂದು ಎಡವಪೆಯ ತೂತನ್ನು ಬಿಟ್ಟರೆ, ವರ್ಷಗಳ ನಂತರವೂ ಕರುಳು ಅದರಲ್ಲಿ ಮೇಲೇರಿ ಸಿಕ್ಕಿಕೊಳ್ಳಬಹುದು. ರೋಗಿ ಸ್ಥಿರವಾಗಿದ್ದರೂ ಇಂಥ ಗಾಯಗಳಲ್ಲಿ ನಾನು ಲ್ಯಾಪರೊಸ್ಕೋಪಿಯಿಂದ, ಅಂದರೆ ಸಣ್ಣ ರಂಧ್ರದಲ್ಲಿ ಕ್ಯಾಮೆರಾ ತೂರಿಸಿ, ವಪೆಯನ್ನು ನೋಡುವುದು ಇದೇ ಕಾರಣಕ್ಕೆ, ಸಿ.ಟಿ. ಸ್ಕ್ಯಾನ್‌ಗೂ ಅಂಥ ತೂತು ತಪ್ಪಿಸಿಕೊಳ್ಳುವುದುಂಟು.

ಅಷ್ಟರಲ್ಲಿ ಅರಿವಳಿಕೆ ತಜ್ಞರು ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಿದೆ, ರಕ್ತದಲ್ಲಿ ಆಮ್ಲೀಯತೆ ಏರುತ್ತಿದೆ ಎಂದರು. ಕತ್ತರಿಸಿದ ಅಂಚುಗಳೆಲ್ಲ ಜಿನುಗುತ್ತಿದ್ದವು. ಹೆಪ್ಪುಗಟ್ಟುವ ಶಕ್ತಿ ಕುಂದಿದಾಗ ಇನ್ನಷ್ಟು ಹೊಲಿಗೆಯಿಂದ ಏನೂ ಸಾಧಿಸಲಾಗದು. ಬಟ್ಟೆಯ ಪ್ಯಾಕ್‌ಗಳನ್ನು ಒತ್ತಿಟ್ಟು, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ, ಐಸಿಯುಗೆ ಕಳುಹಿಸಿದೆ. ಮರುದಿನ ಬೆಚ್ಚಗಾದ ದೇಹದಲ್ಲಿ ಜಿನುಗುವಿಕೆ ನಿಂತಿತ್ತು. ಪ್ಯಾಕ್ ತೆಗೆದು ಹೊಟ್ಟೆಯನ್ನು ಮುಚ್ಚಿದೆ.

ಗುಲ್ಮ ಇಲ್ಲದವರಿಗೆ ಕೆಲವು ಸೋಂಕುಗಳು ಬಹುಬೇಗ ಮಾರಕವಾಗುತ್ತವೆ. ಎರಡು ವಾರ ಕಳೆದ ಮೇಲೆ ನ್ಯೂಮೊಕಾಕಸ್, ಮೆನಿಂಗೊಕಾಕಸ್ ಮತ್ತು ಹಿಬ್ (ಹೀಮೊಫಿಲಸ್ ಇನ್‌ಫ್ಲುಯೆಂಜೆ ಬಿ) ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳನ್ನು ಹಾಕಿಸಿ, ಜ್ವರ ಬಂದರೆ ಒಂದು ರಾತ್ರಿಯೂ ಕಾಯದೆ ಬರಬೇಕೆಂದು ಬರೆದುಕೊಟ್ಟು ಅವನನ್ನು ಮನೆಗೆ ಕಳುಹಿಸಿದೆ.