ಟೊಮೆಟೊ ರೇಟಿನ ಅಲೆಯನ್ನು ಸ್ಪ್ರೆಡ್‌ಶೀಟಿನಲ್ಲಿ ಕಟ್ಟಿ ನೋಡಿದಾಗ

ಕೋಲಾರ ಕಡೆಯವರಿಗೆ ಟೊಮೆಟೊ ರೇಟಿನ ಕಥೆ ಹೊಸದಾಗಿ ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿ ಹರಾಜಾಯಿತು. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಹೀಗೆ ಏರಿ ಬೀಳುವುದನ್ನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ಯಾಕೆ ಹೀಗೆ ಅಂತ ಕೇಳಿದರೆ ಸಿಗುವ ಉತ್ತರಗಳೂ ಆಗಿನಿಂದ ಅವೇ. ಮಳೆ ಜಾಸ್ತಿಯಾಯಿತು. ಎಲೆ ಮುದುಡು ರೋಗ ಬಂತು. ಮಹಾರಾಷ್ಟ್ರದ ಮಾಲು ಬಂತು. ದಲ್ಲಾಳಿಗಳು ಒಂದಾದರು.

ಇವೆಲ್ಲ ಒಂದೊಂದು ಸಲ ನಿಜವೇ ಇರಬಹುದು. ಆದರೆ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಮಳೆ ಎರಡು ವಾರ ಸುರಿದು ನಿಲ್ಲುತ್ತದೆ. ರೇಟಿನ ಏರಿಳಿತ ಯಾಕೆ ನಿಲ್ಲುವುದಿಲ್ಲ? ಇದನ್ನು ತಿಳಿಯಲು ಒಂದು ಸಣ್ಣ ಮಾದರಿ ಕಟ್ಟಿದೆ. ದೊಡ್ಡ ಸಾಫ್ಟ್‌ವೇರ್ ಏನೂ ಬೇಕಾಗಲಿಲ್ಲ, ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟ್ ಸಾಕಾಯಿತು.

ಈ ದಾರಿ ತೋರಿಸಿದವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್. ಅವರು ಎಂಜಿನಿಯರ್, ಕಂಪ್ಯೂಟರ್ ಕಟ್ಟಿದವರು. 1956ರಲ್ಲಿ ಅಲ್ಲಿನ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದರು. ಆಗ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಒಂದು ಕಷ್ಟ ಹೇಳಿಕೊಂಡರು. ಕೆಂಟಕಿಯಲ್ಲಿದ್ದ ಅವರ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಮೂರು ನಾಲ್ಕು ಪಾಳಿ ಕೆಲಸ. ಕೆಲವು ವರ್ಷ ಕಳೆದರೆ ಅರ್ಧ ಜನರನ್ನು ಮನೆಗೆ ಕಳಿಸಬೇಕು. ಮಾರುಕಟ್ಟೆಯೇ ಹಾಗೆ ಅಂತ ಎಲ್ಲರೂ ಹೇಳುತ್ತಿದ್ದರು. ಫಾರೆಸ್ಟರ್ ಕಾಗದ ಪೆನ್ಸಿಲ್ ಹಿಡಿದು ದಾಸ್ತಾನು ಎಷ್ಟು, ಆರ್ಡರ್ ಎಷ್ಟು, ಕೆಲಸಗಾರರು ಎಷ್ಟು ಅಂತ ಬರೆಯುತ್ತಾ ಹೋದರು. ಹೊರಗಿನಿಂದ ಬರುವ ಆರ್ಡರ್ ಒಂದೇ ಸಮ ಇದ್ದರೂ ಕೆಲಸಗಾರರ ಸಂಖ್ಯೆ ಏರಿ ಇಳಿಯಿತು. ಏರಿಳಿತ ಕಾರ್ಖಾನೆಯ ಒಳಗೇ ಹುಟ್ಟುತ್ತಿತ್ತು. ಅವರು ತೀರ್ಮಾನ ಮಾಡುತ್ತಿದ್ದ ರೀತಿಯಲ್ಲಿ, ಆ ತೀರ್ಮಾನ ಫಲ ಕೊಡಲು ಹಿಡಿಯುತ್ತಿದ್ದ ಸಮಯದಲ್ಲಿ.

ಇದನ್ನು ಓದಿದಾಗ ನನಗೆ ನಮ್ಮ ಮಂಡಿ ನೆನಪಾಯಿತು.

ಈ ವಿಧಾನದಲ್ಲಿ ಮುಖ್ಯವಾದದ್ದು ಎರಡೇ: ಯಾವುದು ಎಲ್ಲಿ ಶೇಖರವಾಗುತ್ತದೆ, ಅದು ಯಾವ ವೇಗದಲ್ಲಿ ಬರುತ್ತದೆ, ಹೋಗುತ್ತದೆ. ಕೆರೆ ಇದ್ದ ಹಾಗೆ. ಹಳ್ಳದಿಂದ ನೀರು ಬರುತ್ತದೆ, ತೂಬಿನಿಂದ ಹೋಗುತ್ತದೆ, ನಡುವೆ ನಿಂತಿರುವುದು ಕೆರೆಯ ನೀರು. ಟೊಮೆಟೊಗೆ ಇಂಥ ಕೆರೆಗಳು ಮೂರು. ನರ್ಸರಿಯ ಟ್ರೇಗಳಲ್ಲಿರುವ ಸಸಿ. ನಾಟಿಯಾಗಿ ಇನ್ನೂ ಕಾಯಿ ಕೊಡದ ತೋಟ. ಕಾಯಿ ಕೀಳುತ್ತಿರುವ ತೋಟ. ಸಸಿ ನರ್ಸರಿಯಲ್ಲಿ ಇರುವುದು 25–30 ದಿನ, ನಾಲ್ಕು ವಾರ ಅಂದುಕೊಂಡೆ. ನಾಟಿಯಿಂದ ಮೊದಲ ಕೊಯ್ಲಿಗೆ ಒಂಬತ್ತು ವಾರ. ಕೊಯ್ಲು ಏಳು ವಾರ. ಇದರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ತಳಿ ಮತ್ತು ಕಾಲ ನೋಡಿಕೊಂಡು.

ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಅಂದರೆ ಒಂದು ವಾರ. ಕಾಲಮ್ಮುಗಳಲ್ಲಿ ಈ ವಾರದ ಬುಕಿಂಗ್ (ನರ್ಸರಿಗೆ ಕೊಟ್ಟ ಸಸಿಯ ಆರ್ಡರ್), ನಾಟಿ, ಆವಕ (ಮಂಡಿಗೆ ಬಂದ ಮಾಲು), ರೇಟು. ಇವುಗಳ ಜೊತೆ ಇನ್ನೊಂದು ಕಾಲಮ್ಮು ಸೇರಿಸಿದೆ, ಅದಕ್ಕೆ ‘ಮನಸ್ಸಿನ ರೇಟು’ ಅಂತ ಹೆಸರಿಟ್ಟೆ. ಒಂದು ದಿನ ರೇಟು ಏರಿದ ತಕ್ಷಣ ಯಾರೂ ಸಸಿ ಬುಕ್ ಮಾಡಲು ಓಡುವುದಿಲ್ಲ. ಕೆಲವು ವಾರ ನೋಡುತ್ತಾರೆ. ಹಾಗಾಗಿ ಹೋದ ವಾರದ ಮನಸ್ಸಿನ ರೇಟಿಗೂ ಈಗಿನ ಮಂಡಿ ರೇಟಿಗೂ ಇರುವ ಅಂತರದ ಕಾಲು ಭಾಗ ಮಾತ್ರ ಪ್ರತಿ ವಾರ ಸೇರುತ್ತದೆ ಅಂತ ಸೂತ್ರ ಹಾಕಿದೆ.

ಇನ್ನೆರಡು ಊಹೆ ಬೇಕಿತ್ತು. ಮನಸ್ಸಿನ ರೇಟು ದುಪ್ಪಟ್ಟಾದರೆ ಬುಕಿಂಗ್ ಶೇ 40ರಷ್ಟು ಜಾಸ್ತಿಯಾಗುತ್ತದೆ ಅಂದುಕೊಂಡೆ. ಆವಕ ಶೇ 10ರಷ್ಟು ಕಡಿಮೆಯಾದರೆ ರೇಟು ಶೇ 30ರಷ್ಟು ಏರುತ್ತದೆ ಅಂತಲೂ ಇಟ್ಟುಕೊಂಡೆ. ಟೊಮೆಟೊ ಇಲ್ಲದೆ ಸಾರು ಆಗುವುದಿಲ್ಲ, ಕೂಡಿಡಲೂ ಆಗುವುದಿಲ್ಲ. ಅದಕ್ಕೇ ಆವಕದಲ್ಲಿ ಸಣ್ಣ ಬದಲಾವಣೆ ಆದರೂ ರೇಟಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನದ ಆವಕ, ರೇಟು ಎರಡೂ ಸಿಗುತ್ತವೆ. ಸುಮ್ನೆ ಪಕ್ಕಪಕ್ಕ ಇಟ್ಟು ನೋಡಿದರೂ ಈ ಸ್ವಭಾವ ಕಾಣುತ್ತದೆ.

ಮೊದಲು ಎಲ್ಲ ಸಮವಾಗಿ ಓಡಿಸಿದೆ. ಬಾಕ್ಸ್‌ಗೆ 200 ರೂಪಾಯಿ, ಪ್ರತಿ ವಾರ ಅಷ್ಟೇ ನಾಟಿ. ಗೆರೆ ನೆಟ್ಟಗಿತ್ತು. ಆಮೇಲೆ ಒಂದೇ ಒಂದು ಸಲ ಮಳೆ ತಂದೆ. ಕಾಯಿ ಕೀಳುತ್ತಿದ್ದ ತೋಟದಲ್ಲಿ ಐದರಲ್ಲಿ ಒಂದು ಭಾಗ ಹಾಳಾಯಿತು ಅಂತ ಬರೆದೆ. ಅದಾದ ಮೇಲೆ ಮಳೆ ಇಲ್ಲ, ರೋಗ ಇಲ್ಲ, ಹೊರಗಿನ ಮಾಲಿಲ್ಲ, ದಲ್ಲಾಳಿಯ ಆಟವೂ ಇಲ್ಲ.

ರೇಟು 350ಕ್ಕೆ ಹಾರಿತು. ಇದು ನಿರೀಕ್ಷೆಯೇ. ಹಾಳಾದ ತೋಟಗಳ ಕೊಯ್ಲಿನ ಅವಧಿ ಮುಗಿದ ಮೇಲೆ 200ರ ಹತ್ತಿರ ಬಂತು. ಸುಮಾರು ಐದು ತಿಂಗಳಿಗೆ ಕುಸಿಯಿತು. ಮತ್ತೆ ನಾಲ್ಕೈದು ತಿಂಗಳಿಗೆ ಏರಿತು. ಮತ್ತೆ ಇಳಿಯಿತು. ಮೊದಲಿನಷ್ಟು ಎತ್ತರ ಇಲ್ಲ, ಆದರೆ ನಿಲ್ಲಲೂ ಇಲ್ಲ. ಒಂದೇ ಒಂದು ಮಳೆಯ ಅಲೆ ಒಂಬತ್ತು ತಿಂಗಳಿಗೊಂದರಂತೆ ವರ್ಷಗಟ್ಟಲೆ ಓಡಿತು.

ಇಲ್ಲಿ ನನ್ನ ಊಹೆಯೇ ಆಟ ಆಡಿಸುತ್ತಿದೆಯೇ ಅಂತ ನೋಡಲೇಬೇಕಿತ್ತು. ಆವಕಕ್ಕೆ ರೇಟು ಸ್ಪಂದಿಸುವ ಪ್ರಮಾಣವನ್ನು ಸ್ವಲ್ಪ ಇಳಿಸಿದರೆ ಅಲೆ ನಿಧಾನವಾಗಿ ಸಾಯುತ್ತದೆ. ಏರಿಸಿದರೆ ಬೆಳೆಯುತ್ತಾ ಹೋಗುತ್ತದೆ. ಆದರೆ ಒಂದು ಅಲೆಯಿಂದ ಇನ್ನೊಂದಕ್ಕೆ ಇರುವ ಒಂಬತ್ತು ತಿಂಗಳ ಅಂತರ ಹೆಚ್ಚು ಕದಲುವುದಿಲ್ಲ. ಅದನ್ನು ತೀರ್ಮಾನಿಸುವುದು ಬೆಳೆಯ ಕಾಲ. ಜರ್ಮನಿಯಲ್ಲಿ ಆರ್ಥರ್ ಹನೌ ಎಂಬುವರು 1928ರಲ್ಲೇ ಹಂದಿ ಬೆಲೆಯಲ್ಲಿ ಇಂಥದ್ದೇ ಅಲೆ ಗುರುತಿಸಿದ್ದರು. ಹಂದಿ ಮರಿ ಬೆಳೆದು ಮಾರಾಟಕ್ಕೆ ಬರಲು ಹಿಡಿಯುವ ಕಾಲವೇ ಅಲ್ಲೂ ಮೂಲ.

ಮುಂದಿನದು ನನ್ನ ತಲೆಯಲ್ಲಿ ತುಂಬಾ ದಿನ ಕೂತಿತ್ತು. ರೈತರಿಗೆ ರೇಟಿನ ಮಾಹಿತಿ ಬೇಗ ಸಿಕ್ಕಿದರೆ ಒಳ್ಳೆಯದಾಗುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ, ಅಲ್ವಾ? ಈಗ ಹರಾಜು ಮುಗಿಯುವುದರೊಳಗೆ ವಾಟ್ಸಾಪಿನಲ್ಲಿ ರೇಟು ಬಂದಿರುತ್ತದೆ. ಹಾಗಾಗಿ ಮನಸ್ಸಿನ ರೇಟು ಒಂದೇ ವಾರದಲ್ಲಿ ಮಂಡಿ ರೇಟಿಗೆ ಸರಿಹೋಗುವಂತೆ ಮಾಡಿದೆ. ಅಲೆ ಕಮ್ಮಿಯಾಗಲಿಲ್ಲ, ದೊಡ್ಡದಾಯಿತು. ಯೋಚಿಸಿದರೆ ಅರ್ಥವಾಗುತ್ತದೆ. ಮೊದಲು ಒಬ್ಬೊಬ್ಬರು ಒಂದೊಂದು ವಾರ ತಡವಾಗಿ ನೋಡುತ್ತಿದ್ದರು, ನಾಟಿ ಹರಡಿಕೊಳ್ಳುತ್ತಿತ್ತು. ಈಗ ಎಲ್ಲರೂ ಒಂದೇ ದಿನ ನೋಡಿ ಒಂದೇ ವಾರ ಬುಕ್ ಮಾಡುತ್ತಾರೆ. ಇವತ್ತಿನ ರೇಟು ಮಾರುವವನಿಗೆ ಬೇಕು, ಖಂಡಿತ ಬೇಕು. ನೆಡುವವನಿಗೆ ಬೇಕಾದದ್ದು ಮೂರು ತಿಂಗಳ ಮುಂದಿನ ಆವಕ.

ಆ ಆವಕ ಇವತ್ತೇ ಕಾಣುತ್ತದೆ, ಮಂಡಿಯಲ್ಲಿ ಅಲ್ಲ, ನರ್ಸರಿಯಲ್ಲಿ. ಹಾಗಾಗಿ ಮಾದರಿಗೆ ಇನ್ನೊಂದು ಸೂತ್ರ ಹಾಕಿದೆ: ನರ್ಸರಿಯಲ್ಲೂ ಎಳೆ ತೋಟದಲ್ಲೂ ಆಗಲೇ ಎಷ್ಟಿದೆ ಅಂತ ನೋಡಿ, ಜಾಸ್ತಿ ಇದ್ದರೆ ಬುಕಿಂಗ್ ಕಡಿಮೆ ಮಾಡುವುದು. ಅಲೆ ಕುಗ್ಗಿತು. ಎಂಐಟಿಯ ಜಾನ್ ಸ್ಟರ್ಮನ್ 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದರದೇ ಇನ್ನೊಂದು ಮುಖ ಕಂಡಿತ್ತು. ಸರಕು ಸಾಗಣೆಯ ಆಟ ಆಡಿದ ಜನ, ತಾವೇ ಕೊಟ್ಟು ಇನ್ನೂ ಕೈ ಸೇರದ ಆರ್ಡರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ತುಂಬಾ ಕಡಿಮೆ. ಏರಿಳಿತ ಹುಟ್ಟುವುದು ಅಲ್ಲೇ.

ಮನೆಯಲ್ಲಿ ಗ್ರಾಫ್ ತೋರಿಸಿದೆ. ಅಪ್ಪ ನೋಡಿ, “ರೇಟು ಬಂದಾಗ ಎಲ್ಲರೂ ನೆಡ್ತಾರೆ, ಎಲ್ಲರದೂ ಒಟ್ಟಿಗೆ ಬರುತ್ತೆ. ಇದು ಗೊತ್ತಿರೋದೇ. ಹಾಗಾದ್ರೆ ಎಲ್ಲರೂ ಬಿಟ್ಟಾಗ ನಾವು ನೆಟ್ಟರೆ?” ಅಂದರು. ಒಳ್ಳೆಯ ಪ್ರಶ್ನೆ, ಓಡಿಸಿ ನೋಡಿದೆ. ಒಬ್ಬ ರೈತ ಉಲ್ಟಾ ನೆಟ್ಟರೆ ಅವನಿಗೆ ಲಾಭ. ಮೂರರಲ್ಲಿ ಒಂದು ಭಾಗ ಜನ ಹಾಗೆ ಮಾಡಿದರೆ ಅಲೆಯೇ ಬೇಗ ಮಲಗುತ್ತದೆ, ಉಲ್ಟಾ ನೆಟ್ಟವನ ವಿಶೇಷ ಲಾಭವೂ ಹೋಗುತ್ತದೆ. ಉಲ್ಟಾ ಕೂಡ ಬೇಡ, ಮೂರರಲ್ಲಿ ಒಂದು ಭಾಗ ಜನ ರೇಟು ನೋಡದೆ ಪ್ರತಿ ಸಲ ಅಷ್ಟೇ ಎಕರೆ ಹಾಕಿದರೂ ಸಾಕು, ಪ್ರತಿ ಅಲೆ ಹಿಂದಿನದಕ್ಕಿಂತ ಚಿಕ್ಕದಾಗುತ್ತಾ ಬರುತ್ತದೆ. ಎಲ್ಲರೂ ಬದಲಾಗಬೇಕಿಲ್ಲ ಅನ್ನುವುದು ನನಗೆ ದೊಡ್ಡ ಸಮಾಧಾನ.

ಚಿಕ್ಕಪ್ಪ ಒಪ್ಪಲಿಲ್ಲ. “ರೇಟು ಬಿದ್ದಾಗ ಕೈಯಲ್ಲಿ ಕಾಸೆಲ್ಲಿರುತ್ತಪ್ಪಾ? ಸಸಿ, ಮಲ್ಚಿಂಗ್ ಪೇಪರ್, ಕಡ್ಡಿ, ದಾರ, ಕೂಲಿ, ಔಷಧಿ. ಯಾರು ಕೊಡ್ತಾರೆ?” ಅಂದರು. ಅವರ ಮಾತಿನಿಂದ ಮಾದರಿಗೆ ನಾಲ್ಕನೆಯ ಕೆರೆ ಬಂತು: ಕೈಯಲ್ಲಿರುವ ಹಣ. ರೇಟು ಬಿದ್ದಾಗ ಈ ಕೆರೆ ಬತ್ತುತ್ತದೆ, ಆಗ ನೆಡುವ ಮನಸ್ಸಿದ್ದರೂ ನೆಡಲಾಗುವುದಿಲ್ಲ. ರೇಟು ಬಂದಾಗ ತುಂಬುತ್ತದೆ, ಎಲ್ಲರ ಕೈಯಲ್ಲೂ ಒಟ್ಟಿಗೆ. ಅಲೆ ಇನ್ನೂ ಜೋರಾಯಿತು.

ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಕಂಡ ಮುಖ್ಯ ವಿಷಯ ಇದು. ರೇಟಿನ ಹಿಂದೆ ಓಡುತ್ತಾರೆ ಅಂತ ರೈತರನ್ನು ದೂರುವವರು ಬಹಳ ಜನ. ಆದರೆ ಒಬ್ಬೊಬ್ಬರ ತೀರ್ಮಾನವೂ ಅವರವರ ಮಟ್ಟಿಗೆ ಸರಿಯಾಗಿಯೇ ಇದೆ. ಕೈಯಲ್ಲಿ ದುಡ್ಡಿಲ್ಲದವನಿಗೆ ‘ರೇಟು ಇಲ್ಲದಾಗ ನೆಡು’ ಅನ್ನುವುದು ಸಲಹೆಯೇ ಅಲ್ಲ. ಮಾದರಿಯಲ್ಲಿ ರೇಟು ಬಿದ್ದ ತಿಂಗಳುಗಳಲ್ಲಿ ಮಾತ್ರ ಸಾಲ ಸಿಗುವಂತೆ ಮಾಡಿ, ರೇಟು ಬಂದಾಗ ತೀರಿಸುವಂತೆ ಹಾಕಿದೆ. ಆಗ ಹಣದಿಂದ ಹುಟ್ಟಿದ ಹೆಚ್ಚುವರಿ ಅಲೆ ಬಹುಪಾಲು ಇಳಿಯಿತು. ಸಾಲ ಎಷ್ಟು ಅನ್ನುವುದರ ಜೊತೆಗೆ ಯಾವಾಗ ಅನ್ನುವುದೂ ಅಷ್ಟೇ ಮುಖ್ಯ ಅಂತ ಆಗ ಗೊತ್ತಾಯಿತು.

ಈ ಮಾದರಿ ಮುಂದಿನ ತಿಂಗಳ ರೇಟು ಹೇಳುವುದಿಲ್ಲ. ಕೇಳಿದವರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ. 2023ನ್ನೇ ನೋಡಿ. ಜುಲೈನಲ್ಲಿ ಏರಿದ್ದು ಸೆಪ್ಟೆಂಬರ್‌ಗೇ ಬಿತ್ತು, ನನ್ನ ಮಾದರಿಯ ಐದು ತಿಂಗಳಿಗಿಂತ ತುಂಬಾ ಬೇಗ. ನಾಸಿಕ್, ನಾರಾಯಣಗಾಂವ್ ಕಡೆಯ ಬೆಳೆ, ಮದನಪಲ್ಲಿಯ ಮಂಡಿ, ಕಾಲಕಾಲದ ಮಳೆ ಇದ್ಯಾವುದೂ ನನ್ನ ಶೀಟಿನಲ್ಲಿಲ್ಲ. ಹೊರಗಿನ ಒಂದು ಹೊಡೆತ ಒಳಗೆ ಎಷ್ಟು ದಿನ ಸುತ್ತುತ್ತದೆ, ಎಲ್ಲಿ ಕೈ ಹಾಕಿದರೆ ಕುಗ್ಗುತ್ತದೆ ಅನ್ನುವುದಕ್ಕೆ ಮಾತ್ರ ಇದು ಉಪಯೋಗ.

ನೀವೂ ಕಟ್ಟುವುದಾದರೆ ಒಂದು ಮಾತು. ಎಲ್ಲವನ್ನೂ ಒಳಗೆ ತರಬೇಡಿ. ಮೊದಲು ಮೂರು ನಾಲ್ಕು ಕಾಲಮ್ಮಿನಲ್ಲಿ ನಿಮ್ಮ ಕಷ್ಟದ ಆಕಾರ ಬರುತ್ತದೆಯೇ ನೋಡಿ. ಅಪಾರ್ಟ್‌ಮೆಂಟಿನ ಸಂಪು ಮತ್ತು ಟ್ಯಾಂಕರ್ ಇರಲಿ, ಕ್ಲಿನಿಕ್ಕಿನ ಸಾಲು ಇರಲಿ, ಹೇಳಿದ್ದಕ್ಕೂ ಕೈಗೆ ಬರುವುದಕ್ಕೂ ಎಷ್ಟು ಸಮಯ ಅನ್ನುವುದನ್ನು ಮೊದಲು ಬರೆದುಕೊಳ್ಳಿ. ಬಾಣದ ಗುರುತಿನ ಚಿತ್ರ ಬರೆದು ಕೆಲಸ ಮಾಡುವುದು ಇಷ್ಟವಾದರೆ ಇನ್‌ಸೈಟ್ ಮೇಕರ್ ಎಂಬ ಉಚಿತ ಸಾಧನ ಬ್ರೌಸರಿನಲ್ಲೇ ಇದೆ. ಕಟ್ಟಿದ ಮೇಲೆ ಆ ಕೆಲಸ ಮಾಡುವವರಿಗೇ ತೋರಿಸಿ. ನನ್ನ ನಾಲ್ಕನೆಯ ಕೆರೆ ಯಾವ ಪುಸ್ತಕದಲ್ಲೂ ಇರಲಿಲ್ಲ, ಚಿಕ್ಕಪ್ಪನ ಬಾಯಲ್ಲಿತ್ತು.

ಈಗ ನಾವು ಪ್ರತಿ ಹಂಗಾಮಿಗೂ ಅಷ್ಟೇ ಜಮೀನಿಗೆ ಟೊಮೆಟೊ ಹಾಕುತ್ತೇವೆ. ಬುಕಿಂಗಿಗೆ ಮೊದಲು ಸುತ್ತಲಿನ ನರ್ಸರಿಗಳಲ್ಲಿ ವಿಚಾರಿಸುತ್ತೇವೆ. ಕೆಲವರು ಟ್ರೇ ಲೆಕ್ಕ ಹೇಳುತ್ತಾರೆ, ಕೆಲವರು ಹೇಳುವುದಿಲ್ಲ, ಅದು ಅವರ ವ್ಯಾಪಾರ. ಊರಿನ ಕೆಲವು ರೈತರು ಸೇರಿ ಈ ಲೆಕ್ಕವನ್ನು ರೇಟಿನ ಜೊತೆಗೇ ವಾಟ್ಸಾಪಿನಲ್ಲಿ ಹಾಕಲು ಶುರು ಮಾಡಿದ್ದಾರೆ. ನಾನು ಈಗ ಬಿಳಿ ನೊಣವನ್ನು ಮಾದರಿಗೆ ಸೇರಿಸುತ್ತಿದ್ದೇನೆ. ರೇಟು ಬಿದ್ದಾಗ ಕೀಳದೆ ಬಿಟ್ಟ ತೋಟದಿಂದ ಅದು ಪಕ್ಕದ ಎಳೆ ತೋಟಕ್ಕೆ ಎಲೆ ಮುದುಡು ರೋಗ ಹೊತ್ತು ತರುತ್ತದೆ. ಹಾಗಾದರೆ ರೋಗವನ್ನೂ ಪೂರ್ತಿ ಹೊರಗಿನ ಹೊಡೆತ ಅನ್ನಲಾಗುವುದಿಲ್ಲ.