ಯಾರೂ ಮುಟ್ಟದ ತಟ್ಟೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠವಿದೆ. ಕಣ್ಣಿಗೆ ಕಾಣದ್ದನ್ನು ಸುಮ್ನೆ ನಂಬಿ ಅಂತ ಮಕ್ಕಳಿಗೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ಹಾಗಾಗಿ ಬೆಳೆಸಿಯೇ ತೋರಿಸೋಣ ಅಂತ ಹೊರಟೆ.

ಲ್ಯಾಬಿನ ಸಾಮಾನನ್ನು ಹಬೆಯಲ್ಲಿ ಬೇಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರ, ಅಂದರೆ ಆಟೋಕ್ಲೇವ್, ಶಾಲೆಯಲ್ಲಿ ಇಲ್ಲ, ನನ್ನ ಮನೆಯಲ್ಲಿ ಕುಕ್ಕರ್ ಇದೆ. ಎರಡೂ ಮಾಡುವ ಕೆಲಸ ಒಂದೇ. ಒತ್ತಡದಲ್ಲಿ ಹಬೆ ಸುಮಾರು 120 ಡಿಗ್ರಿಗೆ ಏರುತ್ತದೆ. ಬರೀ ಕುದಿಸಿದರೆ ಸಾಯದ ಬ್ಯಾಕ್ಟೀರಿಯಾ ಸ್ಪೋರುಗಳೂ (ಗಟ್ಟಿ ಕವಚದೊಳಗೆ ನಿದ್ದೆಯಲ್ಲಿರುವ ರೂಪ) ಆ ಬಿಸಿಗೆ ಸಾಯುತ್ತವೆ. 100 ಗ್ರಾಂ ಆಲೂಗಡ್ಡೆ ಬೇಯಿಸಿ ನೀರು ಸೋಸಿಕೊಂಡೆ. ಅದನ್ನು ಅರ್ಧ ಲೀಟರ್ ಮಾಡಿ 10 ಗ್ರಾಂ ಸಕ್ಕರೆ, 10 ಗ್ರಾಂ ಚೈನಾ ಗ್ರಾಸ್ ಹಾಕಿದೆ. ಬಾಟಲಿಯ ಬಾಯಿಗೆ ಹತ್ತಿ ತುರುಕಿ ಕುಕ್ಕರಿನಲ್ಲಿಟ್ಟೆ. ಒತ್ತಡ ತುಂಬಿದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ. ಮುಚ್ಚಳವಿರುವ ಚಪ್ಪಟೆ ಗಾಜಿನ ಪೆಟ್ರಿ ತಟ್ಟೆಗಳನ್ನೂ ಕಾಗದದಲ್ಲಿ ಸುತ್ತಿ ಹಾಗೇ ಬೇಯಿಸಿದೆ.

ಚೈನಾ ಗ್ರಾಸ್ ಅಂದರೆ ಅಗರ್, ಆಲೂಗಡ್ಡೆ ನೀರನ್ನು ಜೆಲ್ಲಿಯ ಹಾಗೆ ಹೆಪ್ಪುಗಟ್ಟಿಸುವುದು ಇದೇ. ಇದು ಲ್ಯಾಬಿಗೆ ಬಂದದ್ದೂ ಅಡುಗೆಮನೆಯಿಂದಲೇ! ಜರ್ಮನಿಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಖ್ ಅವರ ಲ್ಯಾಬಿನವರು ಮೊದಲು ಜೆಲಾಟಿನ್ ಬಳಸುತ್ತಿದ್ದರು. ಸೆಕೆಗೆ ಅದು ಕರಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾ ಅದನ್ನೇ ಕರಗಿಸಿ ನೀರು ಮಾಡುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ, ತಾನು ಜೆಲ್ಲಿಗೆ ಹಾಕುವ ಅಗರ್ ಬಳಸಿ ಅಂದರು. ಇದು 1881ರ ಹೊತ್ತಿನ ಮಾತು. ಅವರ ಹೆಸರು ನಮ್ಮ ಪಾಠದಲ್ಲಿ ಇಲ್ಲ, ಇರಬೇಕಿತ್ತು. ನಾನಂತೂ ಪ್ರತಿ ವರ್ಷ ಹೇಳುತ್ತೇನೆ.

ಮೊದಲ ಸಲ ಆರು ತಟ್ಟೆ ಹೊಯ್ದೆ. ತೊಳೆಯದ ಬೆರಳು, ಸೋಪಿನಲ್ಲಿ ತೊಳೆದ ಬೆರಳು, ನಾಣ್ಯ, ಬಾಗಿಲ ಚಿಲಕ, ದೋಸೆಹಿಟ್ಟು, ಹೀಗೆ ಐದಕ್ಕೆ ಐದು. ಆರನೆಯದನ್ನು ಯಾರೂ ಮುಟ್ಟದೆ ಮುಚ್ಚಿಟ್ಟೆವು. ಮೂರು ದಿನಕ್ಕೆ ಎಲ್ಲದರಲ್ಲೂ ಬಿಳಿ, ಹಳದಿ ಚುಕ್ಕೆ, ಹಸಿರು ಬೂಸ್ಟು. ಮಕ್ಕಳಿಗೆ ಖುಷಿಯೋ ಖುಷಿ. ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ಇದನ್ನ ನಾವು ಮುಟ್ಟೇ ಇಲ್ಲ. ಇದ್ರಲ್ಲಿ ಹೆಂಗೆ ಬಂತು?"

ಆರನೇ ತಟ್ಟೆಯಲ್ಲೂ ಬೂಸ್ಟು ಬಂದಿತ್ತು. ಅಂದಮೇಲೆ ಉಳಿದ ಐದರಲ್ಲಿ ಬೆಳೆದದ್ದು ಬೆರಳಿನದೋ ನಾಣ್ಯದ್ದೋ ಅಂತ ಹೇಳುವ ಹಾಗೇ ಇರಲಿಲ್ಲ. ತಪ್ಪು ನನ್ನದು. ಫ್ಯಾನ್ ತಿರುಗುತ್ತಿದ್ದ ಕೋಣೆಯಲ್ಲಿ ತಟ್ಟೆ ಹೊಯ್ದಿದ್ದೆ.

ಆ ದಿನ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಅವರ ಪ್ರಯೋಗ ಹೇಳಲು ಬೇರೆ ಪೀಠಿಕೆಯೇ ಬೇಕಾಗಲಿಲ್ಲ. 1860ರ ಸುಮಾರಿನಲ್ಲಿ ಅವರು ಹಂಸದ ಕತ್ತಿನ ಹಾಗೆ ಬಾಗಿದ ಗಾಜಿನ ಬುರುಡೆಯಲ್ಲಿ ಸಾರು ಕುದಿಸಿಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಬಾಗಿದ ಕಡೆ ನಿಂತುಬಿಡುತ್ತಿತ್ತು. ಸಾರು ತಿಳಿಯಾಗೇ ಉಳಿಯಿತು. ಕತ್ತು ಮುರಿದರೆ ಮಾತ್ರ ಕದಡಿತು. ಅಂದರೆ ಜೀವಿಗಳು ಸಾರಿನಲ್ಲಿ ತಾನಾಗಿ ಹುಟ್ಟಲಿಲ್ಲ, ಧೂಳಿನ ಜೊತೆ ಬಂದವು. ನಮ್ಮ ತಟ್ಟೆಗೆ ಆದದ್ದೂ ಅದೇ ಅಲ್ವಾ?

ಮತ್ತೆ ಮಾಡಿದೆವು. ಫ್ಯಾನ್ ಬಂದ್, ಕಿಟಕಿ ಬಂದ್. ಸ್ಪಿರಿಟ್ ದೀಪದ ಪಕ್ಕದಲ್ಲಿ, ಬಾಟಲಿಯನ್ನು ಕೈಯಲ್ಲಿ ಹಿಡಿಯಬಹುದಾದಷ್ಟು ಆರಿದ ಮೇಲೆ, ಮುಚ್ಚಳ ಒಂದು ಕಡೆ ಮಾತ್ರ ಎತ್ತಿ ಹೊಯ್ದೆ. ಹೆಪ್ಪುಗಟ್ಟಿದ ಮೇಲೆ ತಟ್ಟೆಗಳನ್ನು ಬೋರಲು ಹಾಕಿದೆ. ಇಲ್ಲದಿದ್ದರೆ ಮುಚ್ಚಳದ ಬೆವರು ತೊಟ್ಟಿಕ್ಕಿ ಎಲ್ಲ ಕಲಸಿಹೋಗುತ್ತದೆ. ಎರಡನೇ ಸಲವೂ ಮುಟ್ಟದ ತಟ್ಟೆಯಲ್ಲಿ ಒಂದು ಚುಕ್ಕೆ ಬಂತು. ಮೂರನೇ ಸಲ ಅದು ಐದು ದಿನ ಕನ್ನಡಿಯ ಹಾಗೆ ಇತ್ತು. ಆಗಲೇ ಉಳಿದವುಗಳ ಬಗ್ಗೆ ಮಾತಾಡಿದ್ದು. ಸೋಪು ಹಾಕಿದ ಬೆರಳಿನದರಲ್ಲಿ ಚುಕ್ಕೆ ಕಡಿಮೆ, ಆದರೆ ಇದ್ದವು. ನಮ್ಮ ಚರ್ಮದ ಮೇಲೆ ಅವು ಯಾವಾಗಲೂ ಇರುತ್ತವೆ.

ದೋಸೆಹಿಟ್ಟಿನ ತಟ್ಟೆಗೆ ಜಾಸ್ತಿ ಹೊತ್ತು ಕೊಟ್ಟೆ. ಕುಕ್ಕರಿನಲ್ಲಿ ಬೇಯಿಸಿದ ಟೂತ್‌ಪಿಕ್‌ನಿಂದ ಗೆರೆ ಎಳೆದು, ಪ್ರತಿ ಸುತ್ತಿಗೂ ಹೊಸ ಕಡ್ಡಿ ತೆಗೆದುಕೊಂಡು ಹಿಂದಿನ ಗೆರೆಯಿಂದ ಮುಂದಕ್ಕೆ ಎಳೆದರೆ, ಕೊನೆಯ ಗೆರೆಯಲ್ಲಿ ಚುಕ್ಕೆಗಳು ಬಿಡಿಬಿಡಿಯಾಗಿ ಏಳುತ್ತವೆ. ಒಂದು ಚುಕ್ಕೆ ಸಾಮಾನ್ಯವಾಗಿ ಒಂದೇ ಜೀವಿಯ ಸಂತಾನ, ಲಕ್ಷಗಟ್ಟಲೆ. ಯಾವ ಜೀವಿ ಯಾವ ರೋಗ ತರುತ್ತದೆ ಅಂತ ಕಾಖ್ ತೋರಿಸಲು ಆದದ್ದು ಹೀಗೆ ಬಿಡಿಸಿ ಬೆಳೆಸಿದ್ದರಿಂದ. ಇತ್ತ ಹಿಟ್ಟನ್ನು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಾ ಲ್ಯೂಕೊನೊಸ್ಟಾಕ್. ಉದ್ದಿನಬೇಳೆಯ ಜೊತೆಗೇ ಬರುತ್ತದೆ, ಹುಳಿ ಮತ್ತು ಗಾಳಿ ಎರಡನ್ನೂ ಮಾಡುತ್ತದೆ. ದಿನಾ ತಿನ್ನುವ ಇಡ್ಲಿ ಮೆತ್ತಗಾಗುವುದು ಅದರಿಂದ ಅಂದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು.

ನೀವೂ ಮಾಡುವುದಾದರೆ, ತಟ್ಟೆಗೆ ಸುತ್ತ ಟೇಪ್ ಹಾಕಿ, ಬೆಳೆದ ಮೇಲೆ ತೆರೆಯಲೇಬೇಡಿ. ಏನು ಬೆಳೆದಿದೆಯೋ ನೋಡಿ ಹೇಳಲಾಗುವುದಿಲ್ಲ. ಕೋಣೆಯ ಮಾಮೂಲಿ ಬಿಸಿಯಲ್ಲೇ ಇಡಿ. ನೋಡಿ ಮುಗಿದ ಮೇಲೆ ಮುಚ್ಚಿದ ಹಾಗೇ ಮತ್ತೆ 20 ನಿಮಿಷ ಕುಕ್ಕರಿನಲ್ಲಿ ಬೇಯಿಸಿ, ಆಮೇಲೆ ಎಸೆಯಿರಿ. ಅದಕ್ಕೆ ಅಂತಲೇ ಒಂದು ಹಳೆಯ ಕುಕ್ಕರ್ ಬೇರೆ ಇಟ್ಟುಕೊಳ್ಳಿ.